ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ಬಿ.ಎಸ್‌ಸಿ.ಗೆ ಬಯೋಕೆಮಿಸ್ಟ್ರಿ ತೆಗೆದುಕೊಂಡವರಿಗೆ ಈ ಪುಟ. ಥಿಯರಿ ಪುಸ್ತಕದಲ್ಲಿದೆ, ಬೆಂಚಿನ ಮುಂದೆ ನಿಂತಾಗ ಹುಟ್ಟುವ ಪ್ರಶ್ನೆಗಳು ಇಲ್ಲಿವೆ. ರೀಡಿಂಗ್ ಸರಿ ಬರಲಿಲ್ಲ ಎಂದಾಗ ಎಲ್ಲರೂ ಮೊದಲು ಬೈಯುವುದು ದ್ರಾವಣದ ಬಣ್ಣದ ಗಾಢತೆ ಅಳೆಯುವ ಕಲರಿಮೀಟರನ್ನು. ಆದರೆ ತಪ್ಪು ಬಹುತೇಕ ಅದಕ್ಕೂ ಮೊದಲೇ ನೀರಿನಲ್ಲಿ, ತಕ್ಕಡಿಯಲ್ಲಿ, ಪಿಪೆಟ್‌ನಲ್ಲಿ ಆಗಿಹೋಗಿರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದ್ದೇವೆ.

ಡಿಸ್ಟಿಲ್ಡ್ ವಾಟರ್ ಮುಗಿದಿದೆ. ನಳದ ನೀರು ಹಾಕಿದರೆ ನಡೆಯುತ್ತದೆಯೇ?

ಟೆಸ್ಟ್‌ಟ್ಯೂಬ್ ತೊಳೆಯಲು ನಡೆಯುತ್ತದೆ, ರಿಯೇಜೆಂಟ್ ಮಾಡಲು ನಡೆಯುವುದಿಲ್ಲ. ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರುವುದು ಕ್ಲೋರಿನ್ ಹಾಕಿ ಬಿಟ್ಟ ಮಲಪ್ರಭೆಯ ನೀರು. ಗದಗ ಕಡೆ ಬೋರ್ ನೀರಾದರೆ ಗಡಸು, ಕ್ಯಾಲ್ಸಿಯಂ ಜಾಸ್ತಿ. ಅದರಲ್ಲಿ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಮಾಡಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಹುಟ್ಟಿ ಬಾಟಲಿ ಮಬ್ಬಾಗುತ್ತದೆ. ಮಬ್ಬು ಬೆಳಕನ್ನು ಚೆದುರಿಸುತ್ತದೆ, ಕಲರಿಮೀಟರ್ ಅದನ್ನೂ ಬಣ್ಣವೆಂದೇ ಲೆಕ್ಕ ಹಿಡಿಯುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ: ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಕಿಣ್ವವಾದ ಅಮೈಲೇಸ್‌ಗೆ ಕ್ಲೋರೈಡ್ ಚುರುಕು ಕೊಡುತ್ತದೆ. 'ಕ್ಲೋರೈಡ್ ಇಲ್ಲದ ಟ್ಯೂಬ್' ಎಂದು ನೀವು ಬರೆದುಕೊಂಡ ಟ್ಯೂಬಿಗೆ ನಳದ ನೀರು ಹಾಕಿದರೆ ಆ ಪ್ರಯೋಗ ಅಲ್ಲಿಗೇ ಮುಗಿಯಿತು.

ನೀರಿನ ಮೇಲೆ ಅನುಮಾನವಿದ್ದರೆ 5 ಮಿ.ಲೀ. ತೆಗೆದುಕೊಂಡು ಶೇ. 1ರ ಸಿಲ್ವರ್ ನೈಟ್ರೇಟ್ ಎರಡು ಹನಿ ಹಾಕಿ. ಹಾಲಿನಂತೆ ಬೆಳ್ಳಗಾದರೆ ಕ್ಲೋರೈಡ್ ಇದೆ, ಆ ನೀರು ಬೇಡ.

ಡಿಸ್ಟಿಲೇಶನ್ ಯೂನಿಟ್ಟಿನ ಕಂಡೆನ್ಸರ್‌ಗೆ ಹರಿಯುವ ನೀರು ಬೇಕೇಬೇಕು. ಟ್ಯಾಂಕು ಖಾಲಿಯಾಗಿ ನೀರು ನಿಂತರೆ ಹಬೆ ಹೊರಗೆ ಹೋಗುತ್ತದೆ, ಬಾಯ್ಲರ್ ಒಣಗುತ್ತದೆ, ಕಾಯಿಲ್ ಸುಡುತ್ತದೆ. ನೀರು ಬಿಡುವ ದಿನವೇ ವಾರಕ್ಕೆ ಆಗುವಷ್ಟು ಇಳಿಸಿಟ್ಟುಕೊಳ್ಳುವುದು ಜಾಣತನ.

ಡಿಸ್ಟಿಲ್ಡ್ ವಾಟರ್‌ನ ಪಿಎಚ್ 7 ಇರಬೇಕಲ್ಲ, ಮೀಟರ್ 5.8 ಎನ್ನುತ್ತಿದೆ?

ಮೀಟರ್ ಕೆಟ್ಟಿಲ್ಲ. ತೆರೆದಿಟ್ಟ ಶುದ್ಧ ನೀರು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು 5.6ರ ಸುತ್ತ ಬಂದು ನಿಲ್ಲುತ್ತದೆ. ಬಫರ್ ಮಾಡಿದಾಗ ಇದರಿಂದ ಏನೂ ವ್ಯತ್ಯಾಸವಾಗದು. ಸೋಡಿಯಂ ಹೈಡ್ರಾಕ್ಸೈಡ್ ಮಾಡುವಾಗ ಮಾತ್ರ ನೀರನ್ನು ಕುದಿಸಿ ಆರಿಸಿ ಬಳಸಿ.

ಫಾಸ್ಫೇಟ್ ಬಫರ್ ಪುಸ್ತಕದಲ್ಲಿದ್ದಂತೆಯೇ ಮಾಡಿದೆವು. ಪಿಎಚ್ ಎಲ್ಲೋ ಹೋಯಿತು. ಯಾಕೆ?

ಬಾಟಲಿಯ ಲೇಬಲ್ ಓದಿ. ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಒಂದೇ ಹೆಸರಿನಲ್ಲಿ ಹಲವು ರೂಪದಲ್ಲಿ ಮಾರಾಟವಾಗುತ್ತದೆ. ನೀರಿಲ್ಲದ್ದರ ಅಣುತೂಕ 141.96, ಎರಡು ನೀರಿನದು 177.99, ಹನ್ನೆರಡು ನೀರಿನದು 358.14. 0.2 ಮೋಲಾರ್ (ಲೀಟರಿಗೆ ಅಣುತೂಕದ 0.2 ಪಟ್ಟು ಗ್ರಾಂ) ದ್ರಾವಣ ಒಂದು ಲೀಟರಿಗೆ ಮೊದಲನೆಯದು 28.39 ಗ್ರಾಂ ಬೇಕು, ಕೊನೆಯದು 71.63 ಗ್ರಾಂ. ಪುಸ್ತಕ 28.39 ಎನ್ನುತ್ತದೆ, ಕಪಾಟಿನಲ್ಲಿ ಹನ್ನೆರಡು ನೀರಿನ ಬಾಟಲಿ ಇರುತ್ತದೆ. ಹಾಗೇ ತೂಗಿದರೆ ನಿಮ್ಮ ಕೈಗೆ ಬರುವುದು ಸುಮಾರು 0.08 ಮೋಲಾರ್, ಅರ್ಧಕ್ಕೂ ಕಡಿಮೆ. ಲೆಕ್ಕಕ್ಕೆ ಯಾವಾಗಲೂ ಲೇಬಲ್ ಮೇಲಿನ ಅಣುತೂಕವನ್ನೇ ಹಿಡಿಯಿರಿ.

ಮೋನೋಸೋಡಿಯಂ ಲವಣವೂ ಹೀಗೇ: ಎರಡು ನೀರಿನದಾದರೆ 156.01, ಅಂದರೆ 0.2 ಮೋಲಾರ್‌ಗೆ ಲೀಟರಿಗೆ 31.2 ಗ್ರಾಂ. ಎರಡೂ ಸರಿಯಾಗಿದ್ದರೆ ಪಿಎಚ್ 7.0ಕ್ಕೆ ಮೋನೋ 39 ಮಿ.ಲೀ., ಡೈ 61 ಮಿ.ಲೀ. ಕೂಡಿಸಿ 200 ಮಿ.ಲೀ.ಗೆ ಏರಿಸಿ, 0.1 ಮೋಲಾರ್ ಬಫರ್ ಸಿದ್ಧ. 6.8ಕ್ಕೆ 51 ಮತ್ತು 49, 7.4ಕ್ಕೆ 19 ಮತ್ತು 81. ಕೊನೆಗೆ ಮೀಟರಿನಲ್ಲಿ ನೋಡಿ, ಬೇಕಿದ್ದರೆ ಹನಿ ಹನಿಯಾಗಿ ತಿದ್ದಿ. ಒಂದು ಸಲ ಆಮ್ಲ, ಒಂದು ಸಲ ಕ್ಷಾರ ಎಂದು ಹತ್ತು ಸಲ ಹಿಂದೆ ಮುಂದೆ ಓಡಾಡಿದರೆ ಪಿಎಚ್ ಕೂಡೀತು, ಉಪ್ಪಿನ ಪ್ರಮಾಣ ಮಾತ್ರ ನಿಮಗೇ ಗೊತ್ತಿಲ್ಲದಷ್ಟು ಏರಿರುತ್ತದೆ. ಆ ಬಾಟಲಿ ಚೆಲ್ಲಿ ಹೊಸದಾಗಿ ಮಾಡುವುದೇ ಲೇಸು.

ಟ್ರಿಸ್ ಬಫರ್‌ಗೂ ಬೇಸಿಗೆಗೂ ಸಂಬಂಧವಿದೆಯೇ?

ಇದೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಟ್ರಿಸ್‌ನ ಪಿಎಚ್ ಸುಮಾರು 0.028 ಇಳಿಯುತ್ತದೆ. 25 ಡಿಗ್ರಿಯಲ್ಲಿ 8.0 ಮಾಡಿಟ್ಟದ್ದು ಐಸ್‌ನಲ್ಲಿ 8.6ರ ಹತ್ತಿರ, ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯ ಕೋಣೆಯಲ್ಲಿ 7.7. ಯಾವ ಉಷ್ಣಾಂಶದಲ್ಲಿ ಬಳಸುತ್ತೀರೋ ಅದರಲ್ಲೇ ಪಿಎಚ್ ಕೂಡಿಸಿ. ಫಾಸ್ಫೇಟ್‌ಗೆ ಈ ಚಪಲ ಬಹಳ ಕಡಿಮೆ.

1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಬ್ಬರು 83 ಮಿ.ಲೀ. ಎನ್ನುತ್ತಾರೆ, ಇನ್ನೊಬ್ಬರು 88. ಯಾವುದು ಸರಿ?

ಎರಡೂ ಸರಿ, ಬಾಟಲಿ ಬೇರೆ. (ನಾರ್ಮಲ್ ಎಂದರೆ ಆಮ್ಲ, ಕ್ಷಾರಗಳ ಬಲ ಹೇಳುವ ಸಾಂದ್ರತೆಯ ಅಳತೆ.) ಶೇ. 37ರ ಆಮ್ಲ ಸುಮಾರು 12 ನಾರ್ಮಲ್, ಅದಕ್ಕೆ ಲೀಟರಿಗೆ 83 ಮಿ.ಲೀ. ಸಾಕು. ಶೇ. 35ರದ್ದು ಸುಮಾರು 11.3 ನಾರ್ಮಲ್, 88 ಮಿ.ಲೀ. ಬೇಕು. ಶೇ. 98ರ ಸಲ್ಫ್ಯೂರಿಕ್ ಆಮ್ಲವಾದರೆ 27 ಮಿ.ಲೀ.ನಷ್ಟು. ಮೊದಲು ನೀರು, ಆಮೇಲೆ ಆಮ್ಲ, ನಿಧಾನವಾಗಿ, ಬೀಕರ್ ತಣ್ಣೀರಿನ ತಟ್ಟೆಯಲ್ಲಿ ಇಟ್ಟು. ತಿರುವುಮುರುವಾದರೆ ಮೇಲಿನ ನೀರು ಆ ಕಾವಿಗೆ ಕುದ್ದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ.

ಸೋಡಿಯಂ ಹೈಡ್ರಾಕ್ಸೈಡ್ 4.00 ಗ್ರಾಂ ತೂಗಿ ಲೀಟರಿಗೆ ಏರಿಸಿದೆವು. ಅದು 0.1 ನಾರ್ಮಲ್ ತಾನೇ?

ಹತ್ತಿರ, ಅಷ್ಟೇ. ಈ ಗುಳಿಗೆಗಳು ತೂಗುವಾಗಲೇ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಧಾರವಾಡದ ಜುಲೈ ಮಳೆಯಲ್ಲಿ ವಾಚ್‌ಗ್ಲಾಸಿನ ಮೇಲೆ ಎರಡು ನಿಮಿಷ ಬಿಟ್ಟು ನೋಡಿ: ಮೇಲೆ ನೀರಿನ ಪದರ ಮಿನುಗುತ್ತದೆ, ಮುಟ್ಟಿದರೆ ಜಾರುತ್ತದೆ, ತಕ್ಕಡಿಯ ಅಂಕಿ ಏರುತ್ತಲೇ ಇರುತ್ತದೆ. (ಮುಟ್ಟುವುದು ಸ್ಪ್ಯಾಚುಲಾದಿಂದ, ಬೆರಳಿನಿಂದಲ್ಲ.) ಹಾಗಾಗಿ ಅಂದಾಜು ಮಾಡಿ, ಆಮೇಲೆ ಆಕ್ಸಾಲಿಕ್ ಆಮ್ಲದಿಂದ ನಿಖರ ಬಲ ಕಂಡುಹಿಡಿಯಬೇಕು. 100 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕ್‌ಗೆ ಆಕ್ಸಾಲಿಕ್ ಆಮ್ಲದ ಹರಳು 0.630 ಗ್ರಾಂ ಹಾಕಿದರೆ 0.1 ನಾರ್ಮಲ್. ಸೂಚಕ ಫಿನಾಲ್ಫ್ತಲೀನ್, ತೆಳು ಗುಲಾಬಿ ಮೂವತ್ತು ಸೆಕೆಂಡ್ ನಿಂತರೆ ಸಾಕು. ಕಡುಗುಲಾಬಿ ಬಂತೆಂದರೆ ದಾಟಿಹೋಗಿದ್ದೀರಿ.

ಮೈಕ್ರೋಪಿಪೆಟ್ ಸರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ತಕ್ಕಡಿ ಮೇಲೆ ಸಣ್ಣ ಬೀಕರ್ ಇಟ್ಟು ಸೊನ್ನೆ ಮಾಡಿ, 1000 ಮೈಕ್ರೋಲೀಟರ್ ಡಿಸ್ಟಿಲ್ಡ್ ವಾಟರ್ ಹತ್ತು ಸಲ ಬಿಡಿ, ಪ್ರತಿ ಸಲ ಬರೆದುಕೊಳ್ಳಿ. ಪ್ರತಿಯೊಂದೂ 0.99ರಿಂದ 1.00 ಗ್ರಾಂ ಇದ್ದರೆ ಚಿಂತೆಯಿಲ್ಲ. ಹತ್ತೂ 0.95 ಬಂದರೆ ಪಿಪೆಟ್ ತಿದ್ದಿಸಬೇಕು. ಒಂದು 0.93, ಮತ್ತೊಂದು 1.02 ಬಂದರೆ ತಿದ್ದಬೇಕಾದ್ದು ಹೆಬ್ಬೆರಳನ್ನು. ಎಳೆಯುವಾಗ ಮೊದಲ ತಡೆಯವರೆಗೆ ಮಾತ್ರ ಒತ್ತಿ, ತುದಿ ಮುಳುಗಿಸಿ, ನಿಧಾನವಾಗಿ ಬಿಡಿ. ಬಿಡುಗಡೆ ಮಾಡುವಾಗ ಎರಡನೇ ತಡೆಯವರೆಗೆ ಒತ್ತಿ. ಎರಡನೇ ತಡೆಯವರೆಗೆ ಒತ್ತಿ ಎಳೆದರೆ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಮೊದಲ ಸೆಮಿಸ್ಟರಿನ ಅತಿ ಸಾಮಾನ್ಯ ತಪ್ಪು ಇದೇ.

ಗಾಜಿನ ಪಿಪೆಟ್ ಬಾಯಿಂದ ಎಳೆಯುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ನೀರನ್ನೂ ಹಾಗೆ ಎಳೆಯಬೇಡಿ, ರಬ್ಬರ್ ಬಲ್ಬ್ ಕೇಳಿ ತೆಗೆದುಕೊಳ್ಳಿ.

ಸಕ್ಕರೆ ಬೆನೆಡಿಕ್ಟ್ ಟೆಸ್ಟ್‌ಗೆ ಬರುವುದಿಲ್ಲ ಎನ್ನುತ್ತಾರೆ. ಧಾರವಾಡ ಪೇಡಾ ಕರಗಿಸಿ ಹಾಕಿದರೆ ಇಟ್ಟಿಗೆ ಕೆಂಪು ಬಂತಲ್ಲ?

ಬರಲೇಬೇಕು. ಬೆನೆಡಿಕ್ಟ್ ಎಂದರೆ ತಾಮ್ರವನ್ನು ಅಪಕರ್ಷಿಸುವ ಸಕ್ಕರೆಗಳನ್ನು ಹಿಡಿಯುವ ಪರೀಕ್ಷೆ. ಅಡುಗೆಮನೆಯ ಸಕ್ಕರೆ ಎಂದರೆ ಸುಕ್ರೋಸ್. ಅದರಲ್ಲಿ ಗ್ಲೂಕೋಸಿನ ಒಂದನೇ ಇಂಗಾಲವೂ ಫ್ರಕ್ಟೋಸಿನ ಎರಡನೇ ಇಂಗಾಲವೂ ಒಂದನ್ನೊಂದು ಹಿಡಿದು ಕೂತಿವೆ. ತಾಮ್ರವನ್ನು ಅಪಕರ್ಷಿಸಬೇಕಾದ ಎರಡೂ ಕೈಗಳು ಕಟ್ಟಿಹಾಕಿದಂತೆ. ಆದರೆ ಪೇಡಾದಲ್ಲಿ ಹಾಲಿನ ಖೋವಾ ಇದೆ, ಖೋವಾದಲ್ಲಿ ಲ್ಯಾಕ್ಟೋಸ್ ಇದೆ, ಲ್ಯಾಕ್ಟೋಸಿನ ಗ್ಲೂಕೋಸ್ ತುದಿ ಬಿಡುವಾಗಿದೆ. ಕೆಂಪು ಅದರದ್ದು. ಅದೇ ದ್ರಾವಣವನ್ನು ಬಾರ್ಫೋಡ್‌ನಲ್ಲಿ ಎರಡು ನಿಮಿಷ ಇಟ್ಟರೆ ಏನೂ ಕಾಣದು, ಏಕೆಂದರೆ ಅದು ಒಂಟಿ ಸಕ್ಕರೆಗಳಿಗೆ ಬೇಗ ಒಲಿಯುವ ಪರೀಕ್ಷೆ. ಫ್ರಕ್ಟೋಸನ್ನು ಹುಡುಕುವ ಸೆಲಿವನಾಫ್ ಪರೀಕ್ಷೆಯಲ್ಲಿ ಮತ್ತೆ ಕೆಂಪು: ಅಲ್ಲಿನ ಆಮ್ಲ ಸುಕ್ರೋಸನ್ನು ಒಡೆದು ಫ್ರಕ್ಟೋಸನ್ನು ಹೊರಗೆ ಹಾಕುತ್ತದೆ. ಒಂದು ಪೇಡಾ, ಮೂರು ಟೆಸ್ಟ್, ಮೂರು ಬೇರೆ ಕಾರಣ. ವೈವಾದಲ್ಲಿ ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬರಲಿಕ್ಕಿಲ್ಲ. ಪೇಡಾದ ಕಂದು ಬಣ್ಣಕ್ಕೂ ಲ್ಯಾಕ್ಟೋಸಿನ ಆ ತುದಿಯ ಪಾಲಿದೆ. ಹುರಿಯುವಾಗ ಅದು ಹಾಲಿನ ಪ್ರೋಟೀನಿನ ಲೈಸಿನ್ ಜೊತೆ ಕೂಡುತ್ತದೆ, ಮೈಲಾರ್ಡ್ ಕ್ರಿಯೆ ಎನ್ನುವುದು ಅದನ್ನೇ.

ಪ್ರಮಾಣ: ಬೆನೆಡಿಕ್ಟ್ 5 ಮಿ.ಲೀ., ಮಾದರಿ 8 ಹನಿ, ಕುದಿಯುವ ನೀರಿನಲ್ಲಿ ಎರಡು-ಮೂರು ನಿಮಿಷ.

ಕುದಿಯುವ ವಾಟರ್‌ಬಾತ್‌ನಲ್ಲಿ ಥರ್ಮಾಮೀಟರ್ 100 ಮುಟ್ಟುತ್ತಲೇ ಇಲ್ಲ.

ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದೇ 97.5ರ ಆಸುಪಾಸು. ಸ್ಟ್ಯಾಂಡರ್ಡ್ ಮತ್ತು ಮಾದರಿ ಒಟ್ಟಿಗೇ ಕುದಿಸಿದರೆ ಇದರಿಂದ ತೊಂದರೆಯಿಲ್ಲ.

ಲೌರಿ ವಿಧಾನದಲ್ಲಿ ಸ್ಟ್ಯಾಂಡರ್ಡ್ ಗ್ರಾಫ್ ಸೊಟ್ಟಗೆ ಬರುತ್ತದೆ. ಎಲ್ಲಿ ತಪ್ಪು?

ಲೌರಿ ಎಂದರೆ ಪ್ರೋಟೀನ್ ಎಷ್ಟಿದೆ ಎಂದು ಬಣ್ಣದಿಂದ ಅಳೆಯುವ ವಿಧಾನ. ಮೊದಲು ಪ್ರಮಾಣಗಳ ಪಟ್ಟಿ ಸರಿಯಿದೆಯೇ ನೋಡಿ. ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಪ್ರೋಟೀನ್ ಪ್ರತಿ ಮಿ.ಲೀ.ಗೆ 200 ಮೈಕ್ರೋಗ್ರಾಂ ಇರುವಂತೆ ಮಾಡಿ, 0.2, 0.4, 0.6, 0.8, 1.0 ಮಿ.ಲೀ. ತೆಗೆದು ಎಲ್ಲವನ್ನೂ ನೀರಿನಿಂದ 1 ಮಿ.ಲೀ.ಗೆ ಸಮ ಮಾಡಿ. ಬ್ಲಾಂಕ್‌ಗೆ (ಮಾದರಿ ಇಲ್ಲದ ಹೋಲಿಕೆಯ ಟ್ಯೂಬಿಗೆ) ಬರೀ ನೀರು. ಕ್ಷಾರೀಯ ತಾಮ್ರ ದ್ರಾವಣ 5 ಮಿ.ಲೀ., ಹತ್ತು ನಿಮಿಷ. ಸಮಪ್ರಮಾಣ ನೀರು ಬೆರೆಸಿದ ಫೋಲಿನ್ ರಿಯೇಜೆಂಟ್ 0.5 ಮಿ.ಲೀ., ಕತ್ತಲಲ್ಲಿ ಅರ್ಧ ಗಂಟೆ, 660 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ತಾಮ್ರ ದ್ರಾವಣವೆಂದರೆ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಶೇ. 2ರ ಸೋಡಿಯಂ ಕಾರ್ಬೋನೇಟ್ 50 ಮಿ.ಲೀ., ಅದಕ್ಕೆ ಶೇ. 1ರ ಟಾರ್ಟ್ರೇಟ್‌ನಲ್ಲಿ ಶೇ. 0.5ರ ಕಾಪರ್ ಸಲ್ಫೇಟ್ 1 ಮಿ.ಲೀ. ಇದನ್ನು ಅಂದೇ ಬೆರೆಸಬೇಕು, ನಿನ್ನೆಯದು ನಡೆಯುವುದಿಲ್ಲ.

ಪ್ರಮಾಣವೆಲ್ಲ ಸರಿಯಿದ್ದೂ ಬಿಂದುಗಳು ಚೆಲ್ಲಾಪಿಲ್ಲಿಯಾದರೆ ಕಾರಣ ಬಹುತೇಕ ಫೋಲಿನ್ ಹಾಕುವ ರೀತಿ. ಆ ರಿಯೇಜೆಂಟ್ ಆಮ್ಲದಲ್ಲಿ ಗಟ್ಟಿ, ಕ್ಷಾರದಲ್ಲಿ ಕೆಲವೇ ಕ್ಷಣ ಬದುಕುತ್ತದೆ, ಆ ಕ್ಷಣಗಳಲ್ಲೇ ಪ್ರೋಟೀನಿನ ಜೊತೆ ಕ್ರಿಯೆ ನಡೆಯಬೇಕು. ಹತ್ತು ಟ್ಯೂಬಿಗೂ ಸಾಲಾಗಿ ಹಾಕಿ ಕೊನೆಗೆ ಒಟ್ಟಿಗೆ ಅಲುಗಾಡಿಸಿದರೆ ಮೊದಲ ಟ್ಯೂಬಿನ ಫೋಲಿನ್ ಅರ್ಧ ಸತ್ತಿರುತ್ತದೆ. ಒಂದಕ್ಕೆ ಹಾಕಿ, ತಕ್ಷಣ ಕಲಸಿ, ಮುಂದಿನದಕ್ಕೆ ಹೋಗಿ. ಎಲ್ಲ ಟ್ಯೂಬುಗಳ ನಡುವೆ ಮೂವತ್ತು ಸೆಕೆಂಡಿನ ಅಂತರ ಇಟ್ಟುಕೊಂಡರೆ ರೀಡಿಂಗ್‌ನಲ್ಲೂ ಅದೇ ಅಂತರ ಪಾಲಿಸಬಹುದು.

ಫೋಲಿನ್ ಬಾಟಲಿಯ ಬಣ್ಣ ಹಳದಿ ಇರಬೇಕು. ಹಸಿರು ಛಾಯೆ ಕಂಡರೆ ಅದು ಆಗಲೇ ಅಪಕರ್ಷಣೆಗೊಂಡಿದೆ, ಬ್ಲಾಂಕ್ ಕೂಡ ನೀಲಿಯಾಗುತ್ತದೆ. ಮಾದರಿ ಟ್ರಿಸ್ ಅಥವಾ ಇಡಿಟಿಎ ಇರುವ ಬಫರಿನಲ್ಲಿದ್ದರೂ ಲೌರಿ ದಾರಿ ತಪ್ಪುತ್ತದೆ. ಆಗ ಬ್ಲಾಂಕ್ ಮತ್ತು ಸ್ಟ್ಯಾಂಡರ್ಡ್‌ಗೂ ಅದೇ ಬಫರ್ ಹಾಕಿ.

ಗ್ರಾಫಿನ ಆಚೆಗೆ ರೀಡಿಂಗ್ ಬಂದರೆ ಬಣ್ಣ ಬಂದ ದ್ರಾವಣಕ್ಕೇ ನೀರು ಸೇರಿಸಬಹುದೇ?

ಬೇಡ. ಪ್ರೋಟೀನ್ ಹೆಚ್ಚಾದಾಗ ರಿಯೇಜೆಂಟ್ ಸಾಲದೆ ಹೋಗಿರುತ್ತದೆ, ಆಮೇಲೆ ನೀರು ಹಾಕಿದರೆ ಆ ಕೊರತೆ ತುಂಬುವುದಿಲ್ಲ. ಮೂಲ ಮಾದರಿಯನ್ನೇ ಹತ್ತು ಪಟ್ಟು ತೆಳುಮಾಡಿ ಮತ್ತೆ ಮಾಡಿ. ಅಬ್ಸಾರ್ಬೆನ್ಸ್ 1 ಎಂದರೆ ಬಿಟ್ಟ ಬೆಳಕಿನ ಹತ್ತನೇ ಒಂದು ಪಾಲು ಮಾತ್ರ ಹೊರಬರುತ್ತಿದೆ. 2 ಎಂದರೆ ನೂರರಲ್ಲಿ ಒಂದು. ಅಷ್ಟು ಮಂದ ಬೆಳಕನ್ನು ಸಾದಾ ಕಲರಿಮೀಟರ್ ಅಳೆಯುವುದು ಊಹೆಯ ಮಾತೇ. 0.1ರಿಂದ 1.0ರೊಳಗೆ ಇರುವಂತೆ ನೋಡಿಕೊಳ್ಳಿ.

ಮೊಳಕೆ ಹೆಸರುಕಾಳಿನಿಂದ ಅಮೈಲೇಸ್ ತೆಗೆಯುವುದು ಹೇಗೆ? ಬ್ಲಾಂಕ್‌ನಲ್ಲೂ ಬಣ್ಣ ಬರುತ್ತದೆ.

ಗದಗ ಸೀಮೆಯಲ್ಲಿ ಹೆಸರುಕಾಳಿಗೆ ಬರವಿಲ್ಲ, ಜೊಲ್ಲಿನ ಬದಲು ಇದನ್ನು ಬಳಸುವುದು ಒಳ್ಳೆಯದೇ. ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು-ಮೂರು ದಿನ ಬಿಡಿ. ಮೊಳಕೆ 5 ಗ್ರಾಂ ತೂಗಿ, ಫ್ರಿಜ್‌ನಲ್ಲಿಟ್ಟು ತಣ್ಣಗಾದ ಕಲಬತ್ತಿನಲ್ಲಿ ಪಿಎಚ್ 5.5ರ ತಣ್ಣನೆಯ ಅಸಿಟೇಟ್ ಬಫರ್ 20 ಮಿ.ಲೀ. ಹಾಕುತ್ತ ಅರೆಯಿರಿ. ಅರೆಯುವಾಗ ಕಾವೇರಿದರೆ ಕಿಣ್ವ ಕೆಡುತ್ತದೆ. ಜೊತೆಗೆ ಕಾಳಿನಲ್ಲಿರುವ ಪ್ರೋಟೀನ್ ಕತ್ತರಿಸುವ ಕಿಣ್ವಗಳೂ ಕೆಲಸ ಶುರು ಮಾಡುತ್ತವೆ. ತೆಳು ಬಟ್ಟೆಯಲ್ಲಿ ಸೋಸಿ, 3000 ಆರ್‌ಪಿಎಂನಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲೆ ನಿಂತ ತಿಳಿ ನಿಮ್ಮ ಕಿಣ್ವ, ಅದನ್ನು ಐಸ್‌ನಲ್ಲಿಡಿ.

ಶೇ. 1ರ ಪಿಷ್ಟ 1 ಮಿ.ಲೀ., ಹತ್ತು ಪಟ್ಟು ತೆಳುಮಾಡಿದ ಕಿಣ್ವ 1 ಮಿ.ಲೀ., 37 ಡಿಗ್ರಿಯಲ್ಲಿ ಹತ್ತು ನಿಮಿಷ. ಸಕ್ಕರೆಯೊಂದಿಗೆ ಬಣ್ಣ ಕೊಡುವ ಡಿಎನ್‌ಎಸ್ ರಿಯೇಜೆಂಟ್ 2 ಮಿ.ಲೀ. ಹಾಕಿ ಕ್ರಿಯೆ ನಿಲ್ಲಿಸಿ, ಐದು ನಿಮಿಷ ಕುದಿಸಿ, ತಣಿಸಿ, ಎಲ್ಲ ಟ್ಯೂಬನ್ನೂ ಒಂದೇ ಪ್ರಮಾಣದ ನೀರಿನಿಂದ ಏರಿಸಿ 540 ನ್ಯಾನೋಮೀಟರ್‌ನಲ್ಲಿ ನೋಡಿ.

ಬ್ಲಾಂಕ್‌ನ ಬಣ್ಣಕ್ಕೆ ಕಾರಣ ಸರಳ: ಮೊಳಕೆಯಲ್ಲಿ ಮೊದಲೇ ಸಕ್ಕರೆ ಇದೆ, ಡಿಎನ್‌ಎಸ್ ಅದನ್ನೂ ಎಣಿಸುತ್ತದೆ. ಹಾಗಾಗಿ ನೀರಿನ ಬ್ಲಾಂಕ್ ಸಾಲದು, ಸೊನ್ನೆ ನಿಮಿಷದ ಟ್ಯೂಬ್ ಬೇಕು. ಅದರಲ್ಲಿ ಪಿಷ್ಟಕ್ಕೆ ಮೊದಲು ಡಿಎನ್‌ಎಸ್ ಹಾಕಿ, ಆಮೇಲೆ ಕಿಣ್ವ. ಕ್ಷಾರದಲ್ಲಿ ಕಿಣ್ವ ತಕ್ಷಣ ಸಾಯುತ್ತದೆ, ಉಳಿಯುವುದು ಕಾಳಿನ ಸ್ವಂತ ಸಕ್ಕರೆಯ ಬಣ್ಣ ಮಾತ್ರ. ಅದನ್ನು ಕಳೆದದ್ದೇ ಕಿಣ್ವದ ದುಡಿಮೆ.

ಲೆಕ್ಕ ಹೀಗೆ. ಕಳೆದ ಮೇಲೆ ಮಾಲ್ಟೋಸ್ (ಪಿಷ್ಟ ಒಡೆದಾಗ ಹುಟ್ಟುವ ಸಕ್ಕರೆ) 0.9 ಮಿ.ಗ್ರಾಂ ಸಿಕ್ಕಿತು ಎನ್ನೋಣ. 342.3ರಿಂದ ಭಾಗಿಸಿದರೆ 2.63 ಮೈಕ್ರೋಮೋಲ್, ಹತ್ತು ನಿಮಿಷಕ್ಕೆ ಹಂಚಿದರೆ 0.263 ಯೂನಿಟ್ (ನಿಮಿಷಕ್ಕೆ ಒಂದು ಮೈಕ್ರೋಮೋಲ್ ಎಂದರೆ ಒಂದು ಯೂನಿಟ್). ಹತ್ತು ಪಟ್ಟು ತೆಳುಮಾಡಿದ್ದರಿಂದ ಮೂಲ ದ್ರಾವಣದಲ್ಲಿ ಮಿ.ಲೀ.ಗೆ 2.63. ಒಟ್ಟು ತಿಳಿ 20 ಮಿ.ಲೀ. ಎಂದು ಹಿಡಿದರೆ 52.6 ಯೂನಿಟ್, ಒಂದು ಗ್ರಾಂ ಮೊಳಕೆಗೆ 10.5. ಇಪ್ಪತ್ತು ಹಾಕಿ ಹದಿನೇಳೇ ಮಿ.ಲೀ. ವಾಪಸ್ ಬಂದರೆ ಹದಿನೇಳರಿಂದಲೇ ಗುಣಿಸಿ. ತೆಳುಮಾಡಿದ್ದನ್ನು ಮರೆತು ಉತ್ತರ ಹತ್ತು ಪಟ್ಟು ತಪ್ಪುವುದು ಪ್ರತಿ ಬ್ಯಾಚಿನಲ್ಲೂ ಇದ್ದದ್ದೇ.

ಪುಸ್ತಕದಲ್ಲಿ '1000 ಜಿ' ಎಂದಿದೆ, ನಮ್ಮ ಸೆಂಟ್ರಿಫ್ಯೂಜ್‌ನಲ್ಲಿ ಬರೀ ಆರ್‌ಪಿಎಂ.

ಜಿ ಎಂದರೆ ಗುರುತ್ವದ ಎಷ್ಟು ಪಟ್ಟು ಬಲ ಎಂಬುದು, ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ರೋಟರಿನ ನಡುವಿನಿಂದ ಟ್ಯೂಬಿನ ತಳದವರೆಗೆ ಸೆಂಟಿಮೀಟರಿನಲ್ಲಿ ಅಳೆಯಿರಿ. ಅದನ್ನು ಆರ್‌ಪಿಎಂ ವರ್ಗದಿಂದ ಗುಣಿಸಿ, ಮತ್ತೆ 0.00001118ರಿಂದ ಗುಣಿಸಿ. 10 ಸೆಂ.ಮೀ., 3000 ಆರ್‌ಪಿಎಂ ಆದರೆ ಸುಮಾರು 1006 ಜಿ. ಅದೇ 3000, ರೋಟರ್ 15 ಸೆಂ.ಮೀ. ಇದ್ದರೆ 1509. ಎದುರುಬದುರು ಟ್ಯೂಬುಗಳನ್ನು ಕಣ್ಣಳತೆಯಿಂದ ಸಮ ಮಾಡಬೇಡಿ, ತಕ್ಕಡಿಯಲ್ಲಿ ತೂಗಿ.

ಬ್ಯಾಡಗಿ ಮೆಣಸಿನಕಾಯಿ ಬಣ್ಣವನ್ನು ಪ್ರಾಜೆಕ್ಟ್‌ಗೆ ತೆಗೆದುಕೊಳ್ಳಬಹುದೇ?

ಧಾರಾಳವಾಗಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಕಾಯಿ ಅದು, ಹೆಸರಾಗಿರುವುದೇ ಬಣ್ಣಕ್ಕೆ. ಬೀಜ, ತೊಟ್ಟು ತೆಗೆದು ಸಣ್ಣಗೆ ಪುಡಿ ಮಾಡಿ, 0.1 ಗ್ರಾಂ ಪುಡಿಗೆ ಅಸಿಟೋನ್ 100 ಮಿ.ಲೀ. ಹಾಕಿ, ಬಿಗಿಯಾಗಿ ಮುಚ್ಚಿ, ಕತ್ತಲಲ್ಲಿ ರಾತ್ರಿಯಿಡೀ ಬಿಟ್ಟು 460 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಬಿಸಿಲಲ್ಲಿ ಇಟ್ಟರೆ ಬಣ್ಣ ಹಾರುತ್ತದೆ. ಮುಚ್ಚಳ ಸಡಿಲವಿದ್ದರೆ ಅಸಿಟೋನ್ ಹಾರಿ ರೀಡಿಂಗ್ ಏರುತ್ತದೆ. ಪ್ಲಾಸ್ಟಿಕ್ ಕ್ಯೂವೆಟ್ ಅಸಿಟೋನಿಗೆ ಮೆತ್ತಗಾಗಿ ಮಬ್ಬಾಗುತ್ತದೆ, ಗಾಜಿನದನ್ನೇ ತೆಗೆದುಕೊಳ್ಳಿ. ಬರ್ನರ್ ಹತ್ತಿರ ಈ ಕೆಲಸ ಬೇಡವೇ ಬೇಡ.

ಒಂದು ಎಚ್ಚರ: ಬಣ್ಣ ಹೆಚ್ಚಿದ್ದರೆ ಖಾರ ಹೆಚ್ಚು ಎಂದು ಜರ್ನಲ್‌ನಲ್ಲಿ ಬರೆಯಬೇಡಿ. ಕೆಂಪು ಕ್ಯಾಪ್ಸಾಂಥಿನ್‌ನದು, ಖಾರ ಕ್ಯಾಪ್ಸೈಸಿನ್‌ನದು, ಕ್ಯಾಪ್ಸೈಸಿನ್‌ಗೆ ಬಣ್ಣವೇ ಇಲ್ಲ. ಬ್ಯಾಡಗಿ ಕಾಯಿ ಹಾಕಿದ ಸಾರು ಕೆಂಪಗೆ ಕಂಡರೂ ಬಾಯಿ ಸುಡದಿರುವುದು ಅದಕ್ಕೇ.

ಪೇಪರ್ ಕ್ರೊಮ್ಯಾಟೋಗ್ರಫಿಯಲ್ಲಿ ಹಾಕದ ಕಡೆಯೂ ನೇರಳೆ ಕಲೆ ಬಂದಿದೆ.

ನಿಮ್ಮ ಬೆರಳಚ್ಚು. ಬೆವರಿನಲ್ಲಿ ಅಮೈನೋ ಆಮ್ಲ ಇರುತ್ತದೆ, ಅಮೈನೋ ಆಮ್ಲಕ್ಕೆ ನೇರಳೆ ಬಣ್ಣ ಕೊಡುವ ನಿನ್‌ಹೈಡ್ರಿನ್ ಅದನ್ನು ಬಿಡುವುದಿಲ್ಲ. ಕಾಗದವನ್ನು ಅಂಚಿನಲ್ಲೇ ಹಿಡಿಯಿರಿ, ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು. ಗೆರೆ ಪೆನ್ಸಿಲ್ಲಿನದಿರಲಿ, ಪೆನ್ನಿನ ಶಾಯಿ ತಾನೂ ಮೇಲೇರುತ್ತದೆ. ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 4:1:5 ಕಲಸಿ ನಿಲ್ಲಲು ಬಿಟ್ಟರೆ ಎರಡು ಪದರವಾಗುತ್ತದೆ, ಬೇಕಾದ್ದು ಮೇಲಿನದು. ಪ್ರೋಲಿನ್ ಮಾತ್ರ ಹಳದಿ ಕೊಡುತ್ತದೆ, ಅದು ತಪ್ಪಲ್ಲ.

ಶೇಂಗಾ, ಕುಸುಬಿ, ಕೊಬ್ಬರಿ ಎಣ್ಣೆಗಳ ಅಯೋಡಿನ್ ಮೌಲ್ಯಕ್ಕೆ ಒಂದೇ ತೂಕ ಏಕೆ ತೆಗೆದುಕೊಳ್ಳಬಾರದು?

ಅಯೋಡಿನ್ ಮೌಲ್ಯವೆಂದರೆ 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದು. ಶೇಂಗಾ ಎಣ್ಣೆಯ ಮೌಲ್ಯ 85ರಿಂದ 99, ಕುಸುಬಿಯದು 135ರಿಂದ 148, ಕೊಬ್ಬರಿಯದು 7.5ರಿಂದ 10. ಕುಸುಬಿಯಲ್ಲಿ ಜೋಡಿಬಂಧ ಜಾಸ್ತಿ, ಅಷ್ಟೂ ಅಯೋಡಿನ್ ನುಂಗುತ್ತದೆ. ಒಂದು ಗ್ರಾಂ ಹಾಕಿದರೆ 25 ಮಿ.ಲೀ. ವಿಜ್ ದ್ರಾವಣ (ಅಯೋಡಿನ್ ಒದಗಿಸುವ ರಿಯೇಜೆಂಟ್) ಪೂರ್ತಿ ಮುಗಿದು ಅಳೆಯಲು ಏನೂ ಉಳಿಯದು. ಕುಸುಬಿ 0.15 ಗ್ರಾಂ, ಶೇಂಗಾ 0.25, ಕೊಬ್ಬರಿ 1 ಗ್ರಾಂ ಸಾಕು. ಮಾದರಿಯ ಟೈಟರ್ (ಟೈಟ್ರೇಶನ್‌ಗೆ ಹಿಡಿದ ಮಿ.ಲೀ.) ಬ್ಲಾಂಕಿನ ಅರ್ಧಕ್ಕಿಂತ ಕಡಿಮೆ ಬಂದರೆ ಎಣ್ಣೆ ಕಡಿಮೆ ಮಾಡಿ ಮತ್ತೆ ಮಾಡಿ. ಪಿಷ್ಟದ ಸೂಚಕವನ್ನು ದ್ರಾವಣ ತಿಳಿಹಳದಿಗೆ ಇಳಿದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಅಯೋಡಿನ್ ಅದರಲ್ಲಿ ಸಿಕ್ಕಿಕೊಂಡು ನೀಲಿ ಬೇಗ ಬಿಡುವುದಿಲ್ಲ.

ಆಮ್ಲ ಮೈಮೇಲೆ ಬಿದ್ದರೆ ಸೋಡಾ ಪುಡಿ ಹಾಕಬೇಕೇ?

ಚರ್ಮದ ಮೇಲೆ ಬೇಡ, ಕಣ್ಣಿಗಂತೂ ಬೇಡವೇ ಬೇಡ. ಹದಿನೈದು ನಿಮಿಷ ಹರಿಯುವ ನೀರು, ಬಟ್ಟೆ ತೋಯ್ದಿದ್ದರೆ ಬಟ್ಟೆ ತೆಗೆದು, ಆಮೇಲೆ ವೈದ್ಯರು. ನಳ ಯಾವಾಗ ನಿಲ್ಲುತ್ತದೋ ಹೇಳಲಾಗದ ಕಟ್ಟಡದಲ್ಲಿ ಪ್ರತಿ ಬೆಂಚಿನ ಕೊನೆಗೆ ತುಂಬಿದ ಬಕೆಟ್ ಮತ್ತು ಚೊಂಬು ಇರಲಿ. ಸೋಡಾ ಪುಡಿ ನೆಲದ ಮೇಲೆ, ಮೇಜಿನ ಮೇಲೆ ಚೆಲ್ಲಿದ ಆಮ್ಲಕ್ಕೆ.

ಮುಗಿದ ಮೇಲೆ ಎಲ್ಲವನ್ನೂ ಸಿಂಕ್‌ಗೆ ಸುರಿಯಬಹುದೇ?

ತೆಳುವಾದ ಬಫರ್, ಉಪ್ಪು, ಸಕ್ಕರೆ ದ್ರಾವಣಗಳನ್ನು ನೀರು ಬಿಟ್ಟುಕೊಂಡು ಸುರಿಯಬಹುದು. ಅಸಿಟೋನ್, ಬ್ಯೂಟನಾಲ್ ಒಂದು ಬಾಟಲಿಗೆ. ಕ್ಲೋರೋಫಾರ್ಮ್ ಮತ್ತು ವಿಜ್ ಉಳಿಕೆ ಬೇರೆ ಬಾಟಲಿಗೆ. ತಾಮ್ರ, ಬೆಳ್ಳಿ ಇರುವುದು ಮೂರನೆಯದಕ್ಕೆ. ಕ್ಲೋರೋಫಾರ್ಮ್ ಬಾಟಲಿಗೆ ಅಸಿಟೋನ್ ಬೆರೆಸಬೇಡಿ, ಕ್ಷಾರದ ಅಂಶ ಸೇರಿದರೆ ಆ ಜೋಡಿ ಕಾವೇರಿ ಬಾಟಲಿಯನ್ನೇ ಒಡೆಯಬಲ್ಲದು. ಮುಚ್ಚಳದ ಮೇಲೆ ದಿನಾಂಕ ಬರೆದು ಲ್ಯಾಬ್ ಅಟೆಂಡರ್ ಕೈಗೆ ಕೊಡಿ.